ಕಾಲತ್ರಯದ ಚೌಕಟ್ಟು ಮತ್ತು ಇಂಗ್ಲಿಷ್ ಕಾಲರೂಪದ ಆಯ್ಕೆ: ಒಂದು ಚಾರಿತ್ರಿಕ ಟಿಪ್ಪಣಿ

ಬೆಂಗಳೂರಿನ ಜಯನಗರ, ಬನಶಂಕರಿಗಳಂಥ ಬಡಾವಣೆಗಳ ಕನ್ನಡಿಗ ವಿದ್ಯಾರ್ಥಿಯು ‘ಐ ಹ್ಯಾವ್ ಸೀನ್ ಹಿಮ್ ಎಸ್ಟರ್‌ಡೇ’ ಎಂದು ಬರೆದರೆ ಅದನ್ನು ಅಲಕ್ಷ್ಯದ ಫಲವೆಂದು ತಿದ್ದುವುದು ರೂಢಿ. ಈ ತಪ್ಪಿನ ಹಿಂದೆ ಕನ್ನಡದ ರಚನೆಯೂ ಅದನ್ನು ಮರೆಮಾಡಿದ ವ್ಯಾಕರಣ ಪರಂಪರೆಯೂ ಇವೆ ಎಂಬುದು ನಮ್ಮ ವಾದ.

ಕೇಶಿರಾಜನ ‘ಶಬ್ದಮಣಿದರ್ಪಣ’ (ಸು. 1260) ಭೂತಕ್ಕೆ ‘ದ’, ವರ್ತಮಾನಕ್ಕೆ ‘ದಪ’, ಭವಿಷ್ಯತ್ತಿಗೆ ‘ವ’ ಎಂದು ಪ್ರತ್ಯಯಗಳನ್ನು ವಿಂಗಡಿಸಿತು. ಹೊಸಗನ್ನಡದಲ್ಲಿ ‘ದಪ’ ಮರೆಯಾಯಿತು. ‘ದಿನವೂ ಬರುತ್ತೇನೆ’, ‘ನಾಳೆ ಬರುತ್ತೇನೆ’ ಎರಡಕ್ಕೂ ‘ಉತ್ತ’ ರೂಪವೇ ಸಾಕಾಯಿತು. ಆದರೂ ಶಾಲಾ ವ್ಯಾಕರಣ ಕಾಲತ್ರಯವನ್ನೇ ಉಳಿಸಿಕೊಂಡಿತು. ಡಿ.ಎನ್. ಶಂಕರ ಭಟ್ಟರಾದರೋ ಕನ್ನಡದ ಮೂಲ ವ್ಯತ್ಯಾಸ ಭೂತ ಮತ್ತು ಭೂತೇತರಗಳ ನಡುವಿನದೆಂದು ಕಂಡರು. 1999ರ ತಮ್ಮ ಇಂಗ್ಲಿಷ್ ಕೃತಿಯಲ್ಲಿ ಕನ್ನಡವನ್ನು ಕಾಲಪ್ರಧಾನ ಭಾಷೆಯೆಂದು ವರ್ಗೀಕರಿಸಿದರು.

ಮೂರು ಮನೆಗಳ ಚೌಕಟ್ಟಿನಲ್ಲಿ ‘ನೋಡಿದ್ದೇನೆ’ (ನೋಡಿ + ಇದ್ದೇನೆ) ಎಂಬ ಸಂಯುಕ್ತ ರೂಪವನ್ನು ವಿವರಿಸಲು ಎಡೆಯಿಲ್ಲ. ಕನ್ನಡದಲ್ಲಿ ಅದು ‘ನಿನ್ನೆ’ಯೊಡನೆ ಸಲ್ಲುತ್ತದೆ, ಇಂಗ್ಲಿಷಿನ ‘ಹ್ಯಾವ್ ಸೀನ್’ ಮುಗಿದ ಕಾಲವನ್ನು ಹೆಸರಿಸುವ ಪದದೊಡನೆ ಸಾಮಾನ್ಯವಾಗಿ ಸಲ್ಲದು. ಆದುದರಿಂದ ಕಾಲಗಳ ಹೆಸರನ್ನು ಹೊಂದಿಸುವುದಕ್ಕಿಂತ ರೂಪಗಳ ಬಳಕೆಯನ್ನು ಹೋಲಿಸಿ ಕಲಿಸುವುದು ಮೇಲು. ಇಲ್ಲವಾದಲ್ಲಿ ತಾಯ್ನುಡಿಯ ಕ್ರಮಬದ್ಧತೆಯೇ ಅಜ್ಞಾನವೆಂದು ಎಣಿಕೆಯಾಗುತ್ತದೆ.