ಮಾಜಿ ಸೈನಿಕರ ಮಾನಸಿಕ ಆರೋಗ್ಯಕ್ಕೆ ಮೊಬೈಲ್ ಆ್ಯಪ್‌ಗಳ ಬಳಕೆ – ಉಡುಪಿ ಜಿಲ್ಲೆಯ ಮಾಜಿ ಸೈನಿಕರು ಹಾಗೂ ಕುಟುಂಬದವರ ಮಾಹಿತಿಗಾಗಿ

1. ಪೀಠಿಕೆ

ಸೇನೆಯಿಂದ ನಿವೃತ್ತರಾಗಿ ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಹಾಗೂ ಸುತ್ತಮುತ್ತಲಿನ ಗ್ರಾಮಗಳಲ್ಲಿ ನೆಲೆಸಿರುವ ಮಾಜಿ ಸೈನಿಕರು, ಅವರ ಅವಲಂಬಿತರು ಮತ್ತು ಕುಟುಂಬ ಪಿಂಚಣಿದಾರರು ಮಾನಸಿಕ ಆರೋಗ್ಯಕ್ಕೆ ಸಂಬಂಧಿಸಿದ ನೆರವನ್ನು ಮೊಬೈಲ್ ಫೋನಿನ ಮೂಲಕ ಪಡೆಯುವ ಕ್ರಮವನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಮಾನಸಿಕ ಸಮಸ್ಯೆಯುಳ್ಳವರಲ್ಲಿ ಕಾಯಿಲೆಯ ಸ್ವರೂಪಕ್ಕೆ ಅನುಗುಣವಾಗಿ ಶೇಕಡ 70ರಿಂದ 92ರಷ್ಟು ಮಂದಿ ಚಿಕಿತ್ಸೆಯಿಂದ ಹೊರಗುಳಿದಿದ್ದರು. ಸೈನಿಕ ವೃತ್ತಿಯಲ್ಲಿದ್ದವರಿಗೆ ಇದರ ಜೊತೆಗೆ ಮತ್ತೊಂದು ಅಡ್ಡಿಯಿದೆ. ಕಷ್ಟವನ್ನು ಹೇಳಿಕೊಳ್ಳದೆ ಸಹಿಸುವುದನ್ನೇ ಅವರು ದಶಕಗಳ ಕಾಲ ರೂಢಿಸಿಕೊಂಡಿರುತ್ತಾರೆ. ಆಸ್ಪತ್ರೆಯ ಮನೋವೈದ್ಯ ವಿಭಾಗದ ಮುಂದೆ ಪರಿಚಿತರು ಕಂಡಾರು ಎಂಬ ಸಂಕೋಚವೂ ಇರುತ್ತದೆ. ಮನೆಯಲ್ಲಿಯೇ ಕುಳಿತು ಮೊದಲ ಮಾತನ್ನು ಆಡಲು ಮೊಬೈಲ್ ಫೋನು ಅವಕಾಶ ಕಲ್ಪಿಸುತ್ತದೆ. ಆದರೆ ಆ್ಯಪ್ ಎಂಬುದು ಚಿಕಿತ್ಸೆಯ ಬಾಗಿಲೇ ಹೊರತು ಚಿಕಿತ್ಸೆಯಲ್ಲ ಎಂಬುದನ್ನು ಬಳಕೆದಾರರು ಗಮನದಲ್ಲಿಟ್ಟುಕೊಳ್ಳತಕ್ಕದ್ದು.

2. ಗಮನಿಸಬೇಕಾದ ಲಕ್ಷಣಗಳು

ಯುದ್ಧ, ಸ್ಫೋಟ, ಅಪಘಾತ ಅಥವಾ ಸಂಗಾತಿಯ ಸಾವಿನಂತಹ ಘಟನೆಗಳ ನಂತರ ಉಳಿಯುವ ತೊಂದರೆಯನ್ನು ಆಘಾತೋತ್ತರ ಒತ್ತಡದ ಕಾಯಿಲೆ ಎಂದು ಕರೆಯಲಾಗುತ್ತದೆ. ಈ ಹೆಸರು 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ರೋಗಪಟ್ಟಿಗೆ ಸೇರಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇದೇ ಬಗೆಯ ತೊಂದರೆಯನ್ನು ಷೆಲ್ ಆಘಾತ ಎನ್ನಲಾಗುತ್ತಿತ್ತು. 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿ, 1999ರಲ್ಲಿ ಕಾರ್ಗಿಲ್‌ನಲ್ಲಿ ಅಥವಾ ಭಯೋತ್ಪಾದನೆ ನಿಗ್ರಹ ಕಾರ್ಯದಲ್ಲಿ ಸೇವೆ ಸಲ್ಲಿಸಿದವರಲ್ಲಿ ಇದು ನಿವೃತ್ತಿಯ ನಂತರವೂ ಕಾಣಿಸಿಕೊಳ್ಳಬಹುದು. ಯುದ್ಧಭೂಮಿಯನ್ನು ಕಾಣದವರಲ್ಲಿಯೂ ಖಿನ್ನತೆ, ಆತಂಕ, ಮದ್ಯವ್ಯಸನಗಳು ಉಂಟಾಗಬಹುದು.

ಈ ಕೆಳಕಂಡ ಲಕ್ಷಣಗಳು ಒಂದು ತಿಂಗಳಿಗೂ ಹೆಚ್ಚು ಕಾಲ ಮುಂದುವರಿದಲ್ಲಿ ನೆರವು ಪಡೆಯುವುದು ಸೂಕ್ತ.

ಅ) ಹಳೆಯ ಘಟನೆ ಕನಸಿನಲ್ಲಿ ಅಥವಾ ಎಚ್ಚರದಲ್ಲಿ ಮರುಕಳಿಸುವುದು, ಪದೇ ಪದೇ ನಿದ್ರಾಭಂಗವಾಗುವುದು.
ಆ) ರಥೋತ್ಸವದ ಬೆಡಿ, ದೀಪಾವಳಿಯ ಪಟಾಕಿ, ಹಂದಿ ಓಡಿಸಲು ಹಾರಿಸಿದ ಗುಂಡು ಮುಂತಾದ ಸದ್ದಿಗೆ ಮೈ ನಡುಗುವುದು, ಬೆವರುವುದು, ಆ ಕಾರಣಕ್ಕಾಗಿ ಜಾತ್ರೆ, ಮದುವೆಗಳಿಂದ ದೂರ ಉಳಿಯುವುದು.
ಇ) ಸಣ್ಣ ವಿಷಯಕ್ಕೂ ಸಿಡುಕು, ಮನೆಮಂದಿಯೊಡನೆ ಮಾತು ಕಡಿಮೆಯಾಗುವುದು.
ಈ) ನಿದ್ರೆ ಬರಿಸಿಕೊಳ್ಳಲು ಮದ್ಯ ಸೇವಿಸುವುದು, ಅದರ ಪ್ರಮಾಣ ಏರುತ್ತಿರುವುದು.
ಉ) ಬದುಕಿದ್ದು ಪ್ರಯೋಜನವಿಲ್ಲ ಎಂಬ ಮಾತು ಅಥವಾ ಆಲೋಚನೆ. ಇದಕ್ಕೆ ಒಂದು ತಿಂಗಳು ಕಾಯತಕ್ಕದ್ದಲ್ಲ; ಅದೇ ದಿನ ನೆರವು ಪಡೆಯಬೇಕು.

3. ಲಭ್ಯವಿರುವ ಸೇವೆಗಳು

3.1 ಟೆಲಿ ಮಾನಸ್: ಕೇಂದ್ರ ಆರೋಗ್ಯ ಮಂತ್ರಾಲಯದ ಈ ಸೇವೆಯು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಸಂಸ್ಥೆಯಾಗಿದೆ. 14416 ಅಥವಾ 1800-891-4416 ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದಾಗಿದೆ. ಮೊದಲ ಹಂತದಲ್ಲಿ ತರಬೇತಿ ಹೊಂದಿದ ಆಪ್ತ ಸಮಾಲೋಚಕರು ಮಾತನಾಡುತ್ತಾರೆ. ಅಗತ್ಯವಿದ್ದಲ್ಲಿ ಕರೆಯನ್ನು ತಜ್ಞರಿಗೆ ವರ್ಗಾಯಿಸಲಾಗುತ್ತದೆ. ಇದರ ಮೊಬೈಲ್ ಆ್ಯಪ್ 2024ರ ಅಕ್ಟೋಬರ್ 10ರಂದು ಬಿಡುಗಡೆಯಾಯಿತು. 2025ರ ಅಕ್ಟೋಬರ್‌ನಲ್ಲಿ ಆ್ಯಪ್ ಅನ್ನು ಕನ್ನಡವೂ ಸೇರಿದಂತೆ 10 ಪ್ರಾದೇಶಿಕ ಭಾಷೆಗಳಿಗೆ ವಿಸ್ತರಿಸಲಾಯಿತು. ಹಿಂದಿಯಲ್ಲಿಯೂ ಸೇವೆ ಲಭ್ಯ. ಪಲ್ಟನ್ನಿನಲ್ಲಿ ಕಳೆದ ದಿನಗಳನ್ನು ಹಿಂದಿಯಲ್ಲಿ ಹೇಳುವುದೇ ಸುಲಭವೆನಿಸುವವರು ಆ ಭಾಷೆಯನ್ನು ಆರಿಸಿಕೊಳ್ಳಬಹುದು. ಈ ಸೇವೆಗೆ ಮಾಜಿ ಸೈನಿಕರೆಂಬ ದಾಖಲೆಯ ಅಗತ್ಯವಿರುವುದಿಲ್ಲ. ಗಡಿ ಭದ್ರತಾ ಪಡೆ, ಕೇಂದ್ರ ಮೀಸಲು ಪೊಲೀಸ್ ಪಡೆ ಮುಂತಾದವುಗಳಿಂದ ನಿವೃತ್ತರಾದವರೂ ಬಳಸಬಹುದಾಗಿದೆ.

3.2 ಸಶಸ್ತ್ರ ಪಡೆಗಳ ವಿಶೇಷ ಘಟಕ: ಸೇನಾ ಸಿಬ್ಬಂದಿ ಹಾಗೂ ಅವರ ಕುಟುಂಬದವರ ಸಲುವಾಗಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಟೆಲಿ ಮಾನಸ್‌ನ ವಿಶೇಷ ಘಟಕವನ್ನು 2023ರ ಡಿಸೆಂಬರ್‌ನಲ್ಲಿ ಉದ್ಘಾಟಿಸಲಾಯಿತು. ಇದನ್ನು 2 ವರ್ಷಗಳ ಪ್ರಾಯೋಗಿಕ ಯೋಜನೆಯಾಗಿ ನಡೆಸಲು ರಕ್ಷಣಾ ಮತ್ತು ಆರೋಗ್ಯ ಮಂತ್ರಾಲಯಗಳು 2024ರ ಫೆಬ್ರುವರಿಯಲ್ಲಿ ಒಪ್ಪಂದ ಮಾಡಿಕೊಂಡವು. 14416ಕ್ಕೆ ಕರೆ ಮಾಡುವವರು ಆರಂಭದಲ್ಲಿಯೇ ತಾವು ಮಾಜಿ ಸೈನಿಕರೆಂದು ತಿಳಿಸುವುದು ಒಳ್ಳೆಯದು. ಸಮಾಲೋಚಕರು ಕೇಳಬೇಕಾದ ಪ್ರಶ್ನೆಗಳು ಅದರಿಂದ ಸ್ಪಷ್ಟವಾಗುತ್ತವೆ.

3.3 ಸೆಹತ್ ಒಪಿಡಿ: ರಕ್ಷಣಾ ಮಂತ್ರಾಲಯವು 2021ರ ಮೇ 27ರಂದು ಆರಂಭಿಸಿದ ಆನ್‌ಲೈನ್ ವೈದ್ಯಕೀಯ ಸಮಾಲೋಚನಾ ಸೇವೆ. ಸೇವೆಯಲ್ಲಿರುವವರು, ಮಾಜಿ ಸೈನಿಕರು ಮತ್ತು ಅವರ ಕುಟುಂಬದವರು ಇದಕ್ಕೆ ಅರ್ಹರು. ಮೊಬೈಲ್ ಸಂಖ್ಯೆ ಹಾಗೂ ಒಟಿಪಿ ಮೂಲಕ ನೋಂದಾಯಿಸಿಕೊಂಡು ಸೇನಾ ವೈದ್ಯರೊಡನೆ ವಿಡಿಯೋ ಮೂಲಕ ಮಾತನಾಡಿ ಔಷಧ ಚೀಟಿ ಪಡೆಯಬಹುದಾಗಿದೆ. ನಿದ್ರಾಹೀನತೆ, ಎದೆಬಡಿತ, ತಲೆನೋವು ಮುಂತಾದ ದೈಹಿಕ ದೂರುಗಳನ್ನು ಮೊದಲು ಹೇಳಿಕೊಳ್ಳಲು ಇದು ಅನುಕೂಲಕರ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಮಾದಕ ವಸ್ತು ಕಾಯ್ದೆಯ ವ್ಯಾಪ್ತಿಗೆ ಬರುವ ಕೆಲವು ಔಷಧಗಳನ್ನು ಆನ್‌ಲೈನ್ ಮೂಲಕ ಬರೆದುಕೊಡಲು ಅವಕಾಶವಿಲ್ಲದ ಕಾರಣ, ಅಂಥ ಸಂದರ್ಭದಲ್ಲಿ ವೈದ್ಯರನ್ನು ಖುದ್ದಾಗಿ ಕಾಣಬೇಕಾಗುತ್ತದೆ.

3.4 ಪಿಟಿಎಸ್‌ಡಿ ಕೋಚ್: ಅಮೆರಿಕದ ಮಾಜಿ ಸೈನಿಕರ ಇಲಾಖೆಯು ಅಲ್ಲಿನ ರಕ್ಷಣಾ ಇಲಾಖೆಯೊಂದಿಗೆ ಸೇರಿ 2011ರಲ್ಲಿ ಹೊರತಂದ ಉಚಿತ ಸ್ವಸಹಾಯ ಆ್ಯಪ್. ಲಕ್ಷಣಗಳನ್ನು ತಾವೇ ಅಳೆದುಕೊಳ್ಳುವ ಪ್ರಶ್ನಾವಳಿ, ಉಸಿರಾಟ ಹಾಗೂ ಸ್ನಾಯು ಸಡಿಲಿಕೆಯ ಅಭ್ಯಾಸಗಳು ಇದರಲ್ಲಿವೆ. ಕನ್ನಡದಲ್ಲಿ ಲಭ್ಯವಿಲ್ಲ, ಇಂಗ್ಲಿಷ್ ಓದಬಲ್ಲವರು ಬಳಸಬಹುದು. ಅದರಲ್ಲಿ ನೀಡಿರುವ ತುರ್ತು ದೂರವಾಣಿ ಸಂಖ್ಯೆಗಳು ಅಮೆರಿಕದವಾಗಿದ್ದು, ಇಲ್ಲಿ 14416 ಮತ್ತು 112ನ್ನು ಬಳಸತಕ್ಕದ್ದು.

ಸೂಚನೆ: ಹೆಸರುಗಳ ಸಾಮ್ಯದಿಂದ ಗೊಂದಲಕ್ಕೆ ಒಳಗಾಗಬಾರದು. 2021ರ ಏಪ್ರಿಲ್‌ನಲ್ಲಿ ನಿಮ್ಹಾನ್ಸ್, ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು ಮತ್ತು ಬೆಂಗಳೂರಿನ ಸಿ-ಡ್ಯಾಕ್ ಜಂಟಿಯಾಗಿ ರೂಪಿಸಿದ ‘ಮಾನಸ್’ ಆ್ಯಪ್ ಬೇರೆ. 2024ರಲ್ಲಿ ಆರಂಭವಾದ, 1933 ಸಂಖ್ಯೆಯ ಮಾದಕ ವಸ್ತು ಸಹಾಯವಾಣಿ ‘ಮಾನಸ್’ ಬೇರೆ. ಮೇಲ್ಕಂಡ ಟೆಲಿ ಮಾನಸ್ ಬೇರೆ.

4. ಬಳಸುವ ಕ್ರಮ

1) ಆ್ಯಪ್ ಅನ್ನು ಫೋನಿನ ಅಧಿಕೃತ ಆ್ಯಪ್ ಮಳಿಗೆಯಿಂದಲೇ ಪಡೆಯಬೇಕು. ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತಬಾರದು.
2) ಭಾಷೆಯನ್ನು ಆಯ್ಕೆ ಮಾಡಿಕೊಳ್ಳಬೇಕು. ಮಕ್ಕಳು ಅಥವಾ ಮೊಮ್ಮಕ್ಕಳ ನೆರವನ್ನು ಇಷ್ಟಕ್ಕೆ ಮಾತ್ರ ಪಡೆದು, ಮುಂದಿನ ಮಾತುಕತೆಯನ್ನು ಏಕಾಂತದಲ್ಲಿ ನಡೆಸುವುದು ಸೂಕ್ತ.
3) ಮೊದಲ ಕರೆಯಲ್ಲಿ ಎಲ್ಲವನ್ನೂ ಹೇಳಬೇಕೆಂಬ ನಿಯಮವಿಲ್ಲ. ‘ನಿದ್ರೆ ಬರುವುದಿಲ್ಲ’ ಎಂಬ ಒಂದು ಮಾತಿನಿಂದ ಆರಂಭಿಸಬಹುದು.
4) ಸೇವಿಸುತ್ತಿರುವ ರಕ್ತದೊತ್ತಡ, ಮಧುಮೇಹ ಮುಂತಾದ ಔಷಧಗಳ ವಿವರ ಹಾಗೂ ಮದ್ಯಸೇವನೆಯ ನಿಜವಾದ ಪ್ರಮಾಣವನ್ನು ತಿಳಿಸಬೇಕು.
5) ಉಸಿರಾಟದ ಅಭ್ಯಾಸವನ್ನು ಸಂಕಟದ ಹೊತ್ತಿಗಷ್ಟೇ ಮೀಸಲಿಡದೆ ದಿನವೂ ಮಾಡಬೇಕು. ಕವಾಯತಿನಂತೆ, ರೂಢಿಯಾದದ್ದು ಮಾತ್ರ ಕಷ್ಟಕಾಲದಲ್ಲಿ ಕೈಹಿಡಿಯುತ್ತದೆ.
6) ಬಳಸುತ್ತಿದ್ದರೂ ತೊಂದರೆ ಕಡಿಮೆಯಾಗದಿದ್ದಲ್ಲಿ ಮತ್ತೊಂದು ಆ್ಯಪ್ ಹುಡುಕದೆ ವೈದ್ಯರನ್ನು ಖುದ್ದಾಗಿ ಕಾಣಬೇಕು.

5. ಮಿತಿಗಳು

ಆ್ಯಪ್ ನೀಡುವ ಅಂಕವು ರೋಗನಿರ್ಣಯವಲ್ಲ. ಅಂಗವೈಕಲ್ಯ ಪಿಂಚಣಿ ಕೋರುವವರಿಗೆ ಅದು ವೈದ್ಯಕೀಯ ಮಂಡಳಿಯ ವರದಿಗೆ ಬದಲಿಯೂ ಅಲ್ಲ. ಪಿಟಿಎಸ್‌ಡಿ ಕೋಚ್ ಕುರಿತು 120 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆ್ಯಪ್ ಬಳಸಿದವರ ಲಕ್ಷಣಗಳು ಬಳಸದವರಿಗಿಂತ ಹೆಚ್ಚು ಇಳಿಮುಖವಾದವು. ಆದರೆ ಅವಧಿಯ ಕೊನೆಯಲ್ಲಿ ಎರಡು ಗುಂಪುಗಳ ಸರಾಸರಿಯಲ್ಲಿ ಗಣನೀಯ ಅಂತರ ಕಂಡುಬರಲಿಲ್ಲ. ಆ್ಯಪ್‌ನಿಂದ ಪ್ರಯೋಜನವುಂಟು, ಅದು ಸಾಲದು ಎಂದು ಇದರಿಂದ ತಿಳಿಯಬಹುದು. ಯಂತ್ರವೇ ಉತ್ತರಿಸುವ ಖಾಸಗಿ ಸಂಭಾಷಣಾ ಆ್ಯಪ್‌ಗಳನ್ನು ತುರ್ತು ಸಂದರ್ಭದಲ್ಲಿ ನೆಚ್ಚಿಕೊಳ್ಳಬಾರದು.

6. ಗೌಪ್ಯತೆ ಮತ್ತು ಪಿಂಚಣಿ

ಚಿಕಿತ್ಸೆ ಪಡೆದಲ್ಲಿ ಪಿಂಚಣಿಗೆ ತೊಂದರೆಯಾಗಬಹುದೆಂಬ ಆತಂಕ ಮಾಜಿ ಸೈನಿಕರಲ್ಲಿ ಇರುವುದುಂಟು. ಸೇವಾ ಪಿಂಚಣಿಯು ಸಲ್ಲಿಸಿದ ಸೇವೆಗಾಗಿ ದೊರೆಯುವಂಥದ್ದು. ಮನೋವೈದ್ಯರನ್ನು ಕಂಡ ಕಾರಣಕ್ಕೆ ಅದು ನಿಲ್ಲುವುದಿಲ್ಲ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 23ನೇ ಪ್ರಕರಣವು ರೋಗಿಯ ಮಾಹಿತಿಯ ಗೌಪ್ಯತೆಯನ್ನು ರಕ್ಷಿಸುತ್ತದೆ. ಜೀವಾಪಾಯ, ಇತರರಿಗೆ ಹಾನಿ, ನ್ಯಾಯಾಲಯದ ಆದೇಶ ಮುಂತಾದ ಸೀಮಿತ ಸಂದರ್ಭಗಳಲ್ಲಿ ಮಾತ್ರ ವಿನಾಯಿತಿಯಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಿ, ಅನ್ಯಥಾ ಸಾಬೀತಾಗದ ಹೊರತು ಶಿಕ್ಷಿಸುವಂತಿಲ್ಲವೆಂದು 115ನೇ ಪ್ರಕರಣವು ವಿಧಿಸುತ್ತದೆ. ಆದ್ದರಿಂದ ಪ್ರಕರಣ ದಾಖಲಾದೀತೆಂದು ಹೆದರಿ ಆಸ್ಪತ್ರೆಗೆ ಒಯ್ಯಲು ತಡಮಾಡಬಾರದು.

ಖಾಸಗಿ ಸ್ವಸಹಾಯ ಆ್ಯಪ್‌ಗಳಲ್ಲಿ ಸೇನಾ ಸಂಖ್ಯೆ, ಪಿಂಚಣಿ ಪಾವತಿ ಆದೇಶದ ಸಂಖ್ಯೆ, ಆಧಾರ್ ಸಂಖ್ಯೆ ಹಾಗೂ ಕರ್ತವ್ಯದ ಸ್ಥಳ, ಕಾರ್ಯಾಚರಣೆಯ ವಿವರಗಳನ್ನು ನಮೂದಿಸಬಾರದು. ಒಟಿಪಿಯನ್ನು ಯಾರಿಗೂ ತಿಳಿಸಬಾರದು.

7. ಜಿಲ್ಲೆಯಲ್ಲಿ ನೇರ ಚಿಕಿತ್ಸೆ

ಉಡುಪಿ, ಕಾಪು: ಉಡುಪಿಯ ಅಜ್ಜರಕಾಡಿನಲ್ಲಿರುವ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೇವೆಗಳ ವಿವರ ಇಲ್ಲಿ ದೊರೆಯುತ್ತದೆ.

ಕಾರ್ಕಳ: ತಾಲ್ಲೂಕು ಆಸ್ಪತ್ರೆಯನ್ನು ಸಂಪರ್ಕಿಸಬಹುದು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಭೇಟಿಯನ್ನು ಏರ್ಪಡಿಸಲಾಗಿದೆ. ದಿನ ಹಾಗೂ ಸಮಯವನ್ನು ಆಸ್ಪತ್ರೆಯಲ್ಲಿ ಖಚಿತಪಡಿಸಿಕೊಂಡು ಹೊರಡುವುದು ಒಳ್ಳೆಯದು.

ಮಣಿಪಾಲ: 1953ರಲ್ಲಿ ಸ್ಥಾಪನೆಯಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ.

2003ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಾಜಿ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆಯ ಸದಸ್ಯರು, ಖಾಸಗಿ ಆಸ್ಪತ್ರೆಗೆ ತೆರಳುವ ಮೊದಲು ಆ ಆಸ್ಪತ್ರೆಯು ಯೋಜನೆಯ ಪಟ್ಟಿಯಲ್ಲಿದೆಯೇ ಎಂಬುದನ್ನು ಹಾಗೂ ಶಿಫಾರಸು ಪತ್ರದ ಅಗತ್ಯವನ್ನು ತಮ್ಮ ಪಾಲಿಕ್ಲಿನಿಕ್‌ನಲ್ಲಿ ವಿಚಾರಿಸಬೇಕು. ಒಯ್ಯಬೇಕಾದ ದಾಖಲೆಗಳು: ಯೋಜನೆಯ ಕಾರ್ಡ್, ಮಾಜಿ ಸೈನಿಕರ ಗುರುತಿನ ಚೀಟಿ, ಹಿಂದಿನ ಔಷಧ ಚೀಟಿಗಳು. ತುರ್ತು ಸ್ಥಿತಿಯಲ್ಲಿ ಶಿಫಾರಸಿಗೆ ಕಾಯದೆ ಸಮೀಪದ ಆಸ್ಪತ್ರೆಗೆ ದಾಖಲಿಸಿ, ತಡಮಾಡದೆ ಪಾಲಿಕ್ಲಿನಿಕ್‌ಗೆ ತಿಳಿಸತಕ್ಕದ್ದು.

8. ಕುಟುಂಬದವರ ಗಮನಕ್ಕೆ

ಮಾಜಿ ಸೈನಿಕರು ಸ್ವತಃ ಕರೆ ಮಾಡಲು ಒಪ್ಪದಿದ್ದಲ್ಲಿ, ಪತ್ನಿ ಅಥವಾ ಮಕ್ಕಳು 14416ಕ್ಕೆ ಕರೆ ಮಾಡಿ ಹೇಗೆ ನಡೆದುಕೊಳ್ಳಬೇಕೆಂದು ಸಲಹೆ ಕೇಳಬಹುದು. ಒತ್ತಾಯದಿಂದ ಹಳೆಯ ಘಟನೆಗಳನ್ನು ಕೆದಕಬಾರದು. ‘ಮಿಲಿಟರಿಯವರಿಗೆ ಇದೆಲ್ಲ ಏನು’ ಎಂಬಂತಹ ಮಾತುಗಳನ್ನು ಆಡಬಾರದು.

ಮನೆಯಲ್ಲಿ ಪರವಾನಗಿ ಹೊಂದಿದ ಬಂದೂಕು ಇದ್ದು, ಮನೆಯವರ ಮನಃಸ್ಥಿತಿಯ ಬಗ್ಗೆ ಆತಂಕವಿದ್ದಲ್ಲಿ, ಚುನಾವಣೆಯ ಸಂದರ್ಭದಲ್ಲಿ ಮಾಡುವಂತೆಯೇ ಅದನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡುವುದು ಕ್ಷೇಮ. ಕೃಷಿ ಔಷಧಗಳನ್ನು ಬೀಗ ಹಾಕಿದ ಸ್ಥಳದಲ್ಲಿ ಇಡಬೇಕು. ಇದು ಅಪನಂಬಿಕೆಯ ಕ್ರಮವಲ್ಲ. ಸಂಕಟದ ಕೆಲವು ಗಂಟೆಗಳು ದಾಟುವವರೆಗಿನ ರಕ್ಷಣೆ.

9. ತುರ್ತು ಸಂದರ್ಭದಲ್ಲಿ

ಜೀವಕ್ಕೆ ಅಪಾಯವಿರುವಾಗ ಆ್ಯಪ್ ತೆರೆಯುತ್ತ ಕಾಲ ಕಳೆಯಬಾರದು. 112 ಅಥವಾ ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಬೇಕು. ನೆರವು ಬರುವವರೆಗೆ ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡಬಾರದು.

10. ಕೊನೆಯ ಸೂಚನೆ

ಪಿಂಚಣಿದಾರರು ಮನೆಯಿಂದಲೇ ಮುಖ ಗುರುತಿನ ಮೂಲಕ ಜೀವಂತ ಪ್ರಮಾಣಪತ್ರ ಸಲ್ಲಿಸುವ ಸೌಲಭ್ಯವು 2021ರ ನವೆಂಬರ್‌ನಿಂದ ಲಭ್ಯವಿದೆ. ವರ್ಷಕ್ಕೊಮ್ಮೆ ಆ ಕೆಲಸಕ್ಕಾಗಿ ಕೈಗೆತ್ತಿಕೊಳ್ಳುವ ಫೋನಿನಲ್ಲಿಯೇ 14416 ಸಂಖ್ಯೆಯನ್ನು ಇಂದೇ ಉಳಿಸಿಕೊಳ್ಳುವಂತೆ ಹಾಗೂ ತಮ್ಮೊಡನೆ ಸೇವೆ ಸಲ್ಲಿಸಿದ ಒಬ್ಬರಿಗಾದರೂ ಅದನ್ನು ತಿಳಿಸುವಂತೆ ಎಲ್ಲ ಮಾಜಿ ಸೈನಿಕರಲ್ಲಿ ಕೋರಲಾಗಿದೆ.