ಫ್ರಾಂಕರಿಂದ ಫಿರಂಗಿಗೆ

ಫಿರಂಗಿ

ಎರಡನೇ ಮಹಾಯುದ್ಧದ ಸಾಕ್ಷ್ಯಚಿತ್ರವೊಂದರ ಕನ್ನಡ ನಿರೂಪಣೆ ಕೇಳುತ್ತಿದ್ದೆ. 1940ರ ಜುಲೈ, ಇಂಗ್ಲಿಷ್ ಕಾಲುವೆ. ಕಲ್ಲಿದ್ದಲು ಹೊತ್ತು ಕರಾವಳಿಗುಂಟ ಸಾಗುವ ಬ್ರಿಟಿಷ್ ಹಡಗುಗಳ ಮೇಲೆ ಜರ್ಮನಿಯ ಸ್ಟೂಕಾ ವಿಮಾನಗಳು ಗಿಡುಗನಂತೆ ಎರಗುತ್ತಿವೆ. ಕೆಳಗಿನಿಂದ 'ವಿಮಾನ ನಿರೋಧಕ ಫಿರಂಗಿ'ಗಳು ಗುಡುಗುತ್ತಿವೆ. ಅಷ್ಟು ಸರಿ. ಮರುಕ್ಷಣವೇ 'ಹಡಗಿನ ಮೇಲೆ ಫಿರಂಗಿಗಳು ಬಿದ್ದವು' ಎಂದುಬಿಟ್ಟರು! ಬಿದ್ದದ್ದು ಬಾಂಬು.

ಫಿರಂಗಿ ಎಂಬ ಪದದ ಬೇರು 'ಫ್ರಾಂಕ್'. ಯುರೋಪಿನ ಒಂದು ಜರ್ಮಾನಿಕ್ ಬುಡಕಟ್ಟಿನ ಹೆಸರು; ಫ್ರಾನ್ಸ್ ಎಂಬ ಹೆಸರು ಹುಟ್ಟಿದ್ದೂ ಅದರಿಂದಲೇ. ಪರ್ಷಿಯನ್ನರ ಬಾಯಲ್ಲಿ ಅದು 'ಫರಂಗ್' ಆಯಿತು, ಯುರೋಪಿನವರೆಲ್ಲ 'ಫರಂಗಿ'ಗಳಾದರು. ಹಿಂದಿಯ ಫಿರಂಗಿ ಇಂದಿಗೂ ಬಿಳಿಯನೇ. ಕನ್ನಡ, ತೆಲುಗುಗಳಲ್ಲಾದರೋ ಅವನು ತಂದ ತೋಪಿಗೆ ಅವನ ಹೆಸರೇ ಅಂಟಿತು. ತಮಿಳಿನಲ್ಲಿ ಅದು 'ಪೀರಂಗಿ'. ಮರಾಠಿಯಲ್ಲಿ ಫಿರಂಗ ಎಂದರೆ ಒಂದು ಬಗೆಯ ಕತ್ತಿ.

ನಮ್ಮ ಪರಂಗಿ ಹಣ್ಣೂ ಇದೇ ಬಳಗದ್ದು. ಮಲಯಾಳದಲ್ಲಿ ಪರಂಗಿಮಾವು ಎಂದರೆ ಗೇರುಮರ. 16ನೇ ಶತಮಾನದ ಆಯುರ್ವೇದ ಗ್ರಂಥ 'ಭಾವಪ್ರಕಾಶ'ವಂತೂ ಒಂದು ಗುಹ್ಯರೋಗಕ್ಕೇ 'ಫಿರಂಗರೋಗ' ಎಂದು ಹೆಸರಿಟ್ಟಿತು. ಹಣ್ಣು, ಹುಣ್ಣು, ತೋಪು: ಪರದೇಶಿಯ ಲೆಕ್ಕಕ್ಕೆ ಏನೆಲ್ಲ! ಜರ್ಮಾನಿಕ್ ಬುಡಕಟ್ಟಿನ ಹೆಸರು ಹೊತ್ತ ಪದ ಜರ್ಮನ್ ವಿಮಾನಗಳ ಮೇಲೆ ಬೆಂಕಿಯುಗುಳಿದ್ದೂ ತಮಾಷೆಯೇ.

ನಿರೂಪಕರೇ, ಫಿರಂಗಿ ಬೀಳುವುದಿಲ್ಲ, ಹಾರುವುದೂ ಇಲ್ಲ. ಹಾರುವುದು ಅದರ ಗುಂಡು.