ಹಾಸ್ಟೆಲ್ಲಿನ ಅಕ್ಕಂದಿರು

ಸಕಲೇಶಪುರ ದಾಟಿ ಶಿರಾಡಿ ಘಾಟಿಯತ್ತ ಸಾಗುವ ಹೆದ್ದಾರಿಯ ಮೇಲೆ ಮಾರನಹಳ್ಳಿ ಸಿಗುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದಾಗ ಈ ಸುತ್ತಿನ ಊರುಗಳ ಹೆಸರು ಪತ್ರಿಕೆಯಲ್ಲಿ ಕಾಣುತ್ತದೆ. ಉಳಿದ ದಿನ ಇಲ್ಲ. ಕಾಫಿ ತೋಟದ ನಡುವಿನ ಒಂಟಿ ಮನೆಯಿಂದ ಬಸ್ಸಿನ ರಸ್ತೆಗೆ ಬರುವುದೇ ಒಂದು ಪ್ರಯಾಣ. ಇಲ್ಲಿನ ಹುಡುಗಿ ಹಾಸನದಲ್ಲೋ ಮೈಸೂರಿನಲ್ಲೋ ಓದಬೇಕೆಂದರೆ ಮನೆಯವರು ಕೇಳುವ ಮೊದಲ ಪ್ರಶ್ನೆ ಯಾವ ಕಾಲೇಜು ಎಂದಲ್ಲ, ಎಲ್ಲಿ ಇರುತ್ತಾಳೆ ಎಂದು. ಮಲೆನಾಡಿನ ಹೆಣ್ಣುಮಕ್ಕಳ ವಿದ್ಯೆಯ ಚರಿತ್ರೆಯಲ್ಲಿ ಕಾಲೇಜಿನಷ್ಟೇ ಪಾಲು ಹಾಸ್ಟೆಲ್ಲಿಗೂ ಇದೆ.

ಹಳೆಯ ಮೈಸೂರು ಸೀಮೆಯಲ್ಲಿ ಬಡ ಹುಡುಗರಿಗೆ ವಾರಾನ್ನವಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ರಾತ್ರಿ ಯಾವುದೋ ಜಗುಲಿ. ಹಾಗೆ ಉಂಡು ಓದಿ ದೊಡ್ಡವರಾದವರ ಕಥೆಗಳನ್ನು ನಾವು ಸಾಕಷ್ಟು ಕೇಳಿದ್ದೇವೆ. ಆದರೆ ಹುಡುಗಿ ಹೀಗೆ ಮನೆ ಮನೆ ಸುತ್ತಿ ಓದಬಹುದೇ? ಯಾರೂ ಒಪ್ಪುತ್ತಿರಲಿಲ್ಲ. ಮೈಸೂರಿನಲ್ಲಿ ಮಹಾರಾಣಿ ಶಾಲೆ 1881ರಲ್ಲೇ ಶುರುವಾಗಿ ಮುಂದೆ ಕಾಲೇಜಾದರೂ, ಮೊದಮೊದಲು ಅದರ ಬಾಗಿಲು ತಟ್ಟಿದವರು ಹೆಚ್ಚಾಗಿ ಪಟ್ಟಣದ ಮನೆಗಳವರು.

ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ 'ಸೊರೋರಿಟಿ' ಎಂಬುದೊಂದು ಉಂಟು. ಲ್ಯಾಟಿನ್ನಿನಲ್ಲಿ 'ಸೊರೊರ್' ಎಂದರೆ ಸಹೋದರಿ. ನಮ್ಮ ಸಂಸ್ಕೃತದ 'ಸ್ವಸೃ' ಅದರ ನೆಂಟನೇ. ಗಂಡಸರ ಸಂಘಗಳಲ್ಲಿ ಜಾಗವಿಲ್ಲದ ವಿದ್ಯಾರ್ಥಿನಿಯರು ತಮ್ಮದೇ ಸಂಘ ಕಟ್ಟಿಕೊಂಡರು. 1870ರಲ್ಲಿ ಇಂಡಿಯಾನಾ ರಾಜ್ಯದಲ್ಲಿ ಹುಟ್ಟಿದ ಕಪ್ಪಾ ಆಲ್ಫಾ ಥೀಟಾ ಮೊದಲಿನವುಗಳಲ್ಲೊಂದು. ಗ್ರೀಕ್ ಅಕ್ಷರಗಳ ಹೆಸರು, ಗುಟ್ಟಿನ ಪ್ರತಿಜ್ಞೆ, ಹಲವು ಕಡೆ ಒಟ್ಟಿಗೆ ವಾಸಿಸುವ ಮನೆ. ಹೊಸಬಳಿಗೆ ಹಳಬಳೊಬ್ಬಳು ಅಕ್ಕನಾಗುತ್ತಾಳೆ. ಒಮ್ಮೆ ಸೇರಿದರೆ ಸದಸ್ಯತ್ವ ಸಾಯುವವರೆಗೆ.

ಅಕ್ಕತನಕ್ಕೂ ಬೇಲಿಯಿತ್ತು. ಬಿಳಿಯರ ಸಂಘಗಳಿಗೆ ಕಪ್ಪು ಹುಡುಗಿಯರು ಬೇಡವಾಗಿದ್ದರು. ವಾಷಿಂಗ್ಟನ್ನಿನ ಹಾವರ್ಡ್ ವಿಶ್ವವಿದ್ಯಾನಿಲಯದ ಕಪ್ಪು ವಿದ್ಯಾರ್ಥಿನಿಯರು 1908ರಲ್ಲಿ ಆಲ್ಫಾ ಕಪ್ಪಾ ಆಲ್ಫಾ ಕಟ್ಟಿದರು. ಮುಂದೆ ಉಪಾಧ್ಯಕ್ಷೆಯಾದ ಕಮಲಾ ಹ್ಯಾರಿಸ್ ಅದರ ಸದಸ್ಯೆ. 1913ರ ಜನವರಿಯಲ್ಲಿ ಅಲ್ಲೇ 22 ಮಂದಿ ಡೆಲ್ಟಾ ಸಿಗ್ಮಾ ಥೀಟಾ ಸ್ಥಾಪಿಸಿ, ಮಾರ್ಚಿಯಲ್ಲಿ ಹೆಂಗಸರ ಮತದಾನದ ಹಕ್ಕಿಗಾಗಿ ಮೆರವಣಿಗೆಯಲ್ಲಿ ನಡೆದರು. ಬೇಲಿ ಅಷ್ಟು ಸುಲಭಕ್ಕೆ ಬೀಳಲಿಲ್ಲ. ಅಲಬಾಮಾ ವಿಶ್ವವಿದ್ಯಾನಿಲಯದ ಸೊರೋರಿಟಿಗಳಲ್ಲಿ ಅದು ಇನ್ನೂ ಇದೆಯೆಂದು ವಿದ್ಯಾರ್ಥಿಗಳದೇ ಪತ್ರಿಕೆ ಬಯಲಿಗೆಳೆದದ್ದು 2013ರಲ್ಲಿ!

ನಾವು ನಗುವಂತಿಲ್ಲ. ಹಳೆಯ ಮೈಸೂರಿನಲ್ಲಿ 1905ರಲ್ಲಿ ಲಿಂಗಾಯತರ ವಿದ್ಯಾನಿಧಿ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದವು. ಒಂದೊಂದು ಸಮುದಾಯವೂ ತನ್ನ ಮಕ್ಕಳಿಗೆ ಹಾಸ್ಟೆಲ್ ಕಟ್ಟಿಸಿತು. ಸರ್ಕಾರಿ ನೌಕರಿಯಲ್ಲಿ ಒಂದೇ ಜಾತಿಯವರು ತುಂಬಿದ್ದ ಕಾಲವದು. 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾದದ್ದೂ ಅದೇ ಕಾರಣಕ್ಕೆ. ಹಳ್ಳಿಯ ಹುಡುಗರನ್ನು ಪಟ್ಟಣಕ್ಕೆ ತಂದ ಪುಣ್ಯ ಈ ಹಾಸ್ಟೆಲ್ಲುಗಳದು. ಆದರೆ ತನ್ನ ಜಾತಿಗೆ ಸಂಘವೂ ದಾನಿಯೂ ಇಲ್ಲದವರು ಎಲ್ಲಿಗೆ ಹೋಗಬೇಕು? ಆ ಕೊರತೆ ತುಂಬಲು ಸರ್ಕಾರಿ ಹಾಸ್ಟೆಲ್ಲುಗಳು ಬರಬೇಕಾಯಿತು. 1970ರ ದಶಕದಲ್ಲಿ ದೇವರಾಜ ಅರಸರ ಕಾಲದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲ್ಲುಗಳು ಹೆಚ್ಚಿದವು. ಕೂಲಿ ಲೈನಿನ ಹುಡುಗಿಗೆ ದಾರಿ ಕೊಂಚ ತೆರೆದದ್ದು ಇಂಥವುಗಳಿಂದ.

ಡೆಲ್ಟಾ ಸಿಗ್ಮಾ ಥೀಟಾ ಹುಟ್ಟಿದ 1913ರಲ್ಲೇ ಬೆಂಗಳೂರಿನಲ್ಲಿ ಮಹಿಳಾ ಸೇವಾ ಸಮಾಜವೂ ಆರ್. ಕಲ್ಯಾಣಮ್ಮನವರ ಶಾರದಾ ಸ್ತ್ರೀ ಸಮಾಜವೂ ಆರಂಭವಾದವು. ಬಾಲ್ಯದಲ್ಲೇ ವಿಧವೆಯಾದ ಕಲ್ಯಾಣಮ್ಮ 'ಸರಸ್ವತಿ' ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದರು. ಇವು ಕಾಲೇಜಿನ ಸಂಘಗಳಲ್ಲ. ಆದರೂ ಮನೆಯ ಹೊರಗೆ ಹೆಂಗಸರು ತಾವಾಗಿ ಕೂಡಲು ಒಂದು ಜಾಗ ಬೇಕು ಎಂಬ ಆಸೆ ಎರಡೂ ಕಡೆ ಒಂದೇ.

ನಮ್ಮ ಹಾಸ್ಟೆಲ್ಲಿನಲ್ಲಿ ಪ್ರತಿಜ್ಞೆಯಿಲ್ಲ, ಗ್ರೀಕ್ ಅಕ್ಷರವಿಲ್ಲ. ಇರುವುದು ಬೀಗ ಹಾಕಿದ ಟ್ರಂಕು, ತಟ್ಟೆ ಲೋಟ, ವಾರ್ಡನ್ ಮೇಡಂ, ಹೊರಗೆ ಹೋದರೆ ಸಹಿ ಹಾಕುವ ರಿಜಿಸ್ಟರು. ಸಂಜೆ ಇಷ್ಟು ಹೊತ್ತಿಗೆ ಗೇಟು ಮುಚ್ಚುತ್ತದೆಂಬ ನಿಯಮ ಹುಡುಗಿಯರಿಗೇ ಏಕೆ ಬಿಗಿ ಎಂದು ದೆಹಲಿಯಲ್ಲಿ 2015ರಲ್ಲಿ 'ಪಿಂಜ್ರಾ ತೋಡ್' ಚಳವಳಿಯೇ ಎದ್ದಿತು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಗೇಟನ್ನು ನೋಡಿಯೇ ಎಷ್ಟೋ ಅಪ್ಪಂದಿರು ಮಗಳನ್ನು ಕಳಿಸಲು ಒಪ್ಪಿದ್ದು ಎಂಬುದೂ ಸುಳ್ಳಲ್ಲ.

ಅಕ್ಕತನ ಮಾತ್ರ ಇಲ್ಲಿ ತಾನಾಗಿ ಬರುತ್ತದೆ. ಸೀನಿಯರ್ ಎಂದರೆ ಅಕ್ಕ. ಮೊದಲ ರಾತ್ರಿ ಮುಸುಕೆಳೆದು ಅಳುವವಳನ್ನು ಊಟಕ್ಕೆ ಎಬ್ಬಿಸುವವಳು ಅವಳು; ಹಳೆಯ ನೋಟ್ಸು ಕೊಡುವವಳು, ಸ್ಕಾಲರ್‌ಶಿಪ್ ಅರ್ಜಿಗೆ ಆದಾಯ ಪ್ರಮಾಣಪತ್ರ ಬೇಕೆಂದು ಎಚ್ಚರಿಸುವವಳೂ ಅವಳೇ. ಜೂನಿಯರ್‌ಗಳ ಮೇಲೆ ದರ್ಬಾರು ನಡೆಸುವ ಅಕ್ಕಂದಿರೂ ಇಲ್ಲದಿಲ್ಲ, ಅನ್ನಿ. ಊರಿನಿಂದ ಯಾರಾದರೂ ಬಂದು ಹೋದ ರಾತ್ರಿ ಕೋಡುಬಳೆಯ ಡಬ್ಬಿ ಕೋಣೆಯಿಂದ ಕೋಣೆಗೆ ಸುತ್ತಿ, ಬೆಳಗ್ಗೆ ಖಾಲಿಯಾಗಿ ಯಜಮಾನಿಯ ಟ್ರಂಕಿನ ಮೇಲೆ ಕೂತಿರುತ್ತದೆ.